ಆಲ್ಪ್ಸ್‌ನ ದಾಯಾದಿಗಳು

ಸಮಸ್ತ ಆಸ್ತಿಕ ಮಹಾಜನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಕ್ರೌಂಚದ್ವೀಪದ ಅಟ್ಲಾಂಟಾ ಮಹಾಪಟ್ಟಣದಲ್ಲಿ, ಧಾತು ನಾಮ ಸಂವತ್ಸರದ ಆಶ್ವಯುಜ ಮಾಸದ ಒಂದು ಭಾನುವಾರ ಮಧ್ಯಾಹ್ನ, ಹೃದಯತಜ್ಞ ಡಾ. ಬಾಲಸುಬ್ರಹ್ಮಣ್ಯನವರು ಎರಡನೇ ಸಲ ಸಾರು ಹಾಕಿಸಿಕೊಳ್ಳಲಿಲ್ಲ.

ಸುದ್ದಿ ಸಣ್ಣದು ಎಂದು ಮೂಗು ಮುರಿಯಬೇಡಿ. ಅರವತ್ತೊಂಬತ್ತನೇ ಇಸವಿಯಲ್ಲಿ ಮೈಸೂರು ಬಿಟ್ಟು ಬಂದ ಮೇಲೆ ಈ ಮನುಷ್ಯ ಮೂಗು ಸೋರುವಾಗಲೂ ಸಾರು ಸುರಿದುಕೊಂಡವರು. ಸೌಟು ಹಿಡಿದ ಹೆಂಡತಿ ಶೀಲಾ ನಿಂತಲ್ಲೇ ನಿಂತರು. ಎದುರಿಗೆ ಕೂತ ಮಗಳು ನಂದಿತಾ ಮಾತ್ರ ಹಪ್ಪಳ ಮುರಿಯುತ್ತಿದ್ದಳು. ಮನೆ ಮುರಿಯುವ ಮಾತನ್ನು ಅವಳು ಆಗಲೇ ಆಡಿ ಮುಗಿಸಿದ್ದಳು. ಸ್ಟೀವ್ ಜನೆಟ್ಟಿ ಎಂಬುವನನ್ನು ಮದುವೆಯಾಗುತ್ತಾಳಂತೆ.

“ಯಾರದು?”

“ಸ್ಟೀವ್, ಅಪ್ಪ. ನನ್ ಆಫೀಸ್. ನಾರ್ತ್ ಕ್ಯಾರೊಲೈನಾ ಹುಡುಗ. ನೀನು ಮೀಟ್ ಮಾಡಿದೀಯ.”

“ನಮ್ಮ ಅಡುಗೆಮನೆ ದೀಪಕ್ಕೆ ತಲೆ ಹೊಡ್ಕೊಂಡೋನಾ?”

“ಹೌದು.”

“ಗಾತ್ರ ಆಗ್ಲೇ ನೋಡಿದೀನಿ. ಗೋತ್ರ ಯಾವ್ದು?”

“ಅವನು ಇಟಾಲಿಯನ್. ಕ್ಯಾಥೊಲಿಕ್.”

“ಕೇಳಿದ್ದಕ್ಕೆ ಉತ್ತರ ಹೇಳು.”

“ಐ ಜಸ್ಟ್ ಡಿಡ್.”

“ರೀ, ಊಟ ಮುಗಿಸಿ ಜಗಳ ಆಡಿ,” ಎಂದರು ಶೀಲಾ.

“ಊಟ ಮುಗೀತು. ಮದುವೆ ಮಾತೂ ಮುಗೀತು.”

ನಂದಿತಾ ಹಪ್ಪಳ ಕೆಳಗಿಟ್ಟಳು. “ಅಪ್ಪ, ಲಿಸನ್. ಕೋರ್ಟ್‌ಹೌಸಲ್ಲಿ ಮದುವೆ ಆಗಕ್ಕೆ ಐದು ನಿಮಿಷ. ನಂಗೆ ಅದು ಬೇಡ. ನಂಗೆ ನೀನು ಧಾರೆ ಮಾಡ್ಬೇಕು. ನೀನು ಮಾಡಿಲ್ಲ ಅಂದ್ರೆ ನಾನು ಮದುವೆ ಆಗಲ್ಲ. ಅದಕ್ಕೇ ಕೇಳ್ತಿದೀನಿ.”

ಪಾಪದ ಹುಡುಗಿ. ಅಮೆರಿಕದಲ್ಲಿ ಹುಟ್ಟಿದವಳು, ನಿಜ ಹೇಳಿದರೆ ಕೆಲಸವಾಗುತ್ತದೆ ಎಂದುಕೊಂಡಿದ್ದಳು. ಧಾರೆಯಿಲ್ಲದೆ ಮದುವೆಯಿಲ್ಲ, ಧಾರೆಯ ಗಿಂಡಿ ಅಪ್ಪನ ಕೈಯಲ್ಲಿ. ಯುದ್ಧ ಶುರುವಾಗುವ ಮೊದಲೇ ತನ್ನ ಕೋಟೆಯ ಬೀಗದಕೈಯನ್ನು ಶತ್ರುವಿಗೆ ಕೊಟ್ಟು ಕೈತೊಳೆಯಲು ಎದ್ದಳು.

ಆದರೆ ಡಾಕ್ಟರಿಗೆ ಒಂದು ಸಂಕಟವಿತ್ತು. ಬರೀ “ಬೇಡ” ಎಂದರೆ ಜಾತಿಯ ಕುರುಡ ಎನ್ನಿಸಿಕೊಳ್ಳಬೇಕು. ಇಪ್ಪತ್ತೇಳು ವರ್ಷ ಎಲ್ಲ ಬಣ್ಣದವರ ಹೃದಯ ಮುಟ್ಟಿದ ಕೈ ಅದು. ಹಾಗಾಗಿ “ಬೇಡ” ಎಂದು ತಾವು ಹೇಳಬಾರದು, ಶಾಸ್ತ್ರ ಹೇಳಬೇಕು. ಶಾಸ್ತ್ರ ಗೊತ್ತಿದ್ದವರು ಒಬ್ಬರೇ. ಆ ಒಬ್ಬರೊಡನೆ ಡಾಕ್ಟರು ಅಗತ್ಯವಿಲ್ಲದೆ ಮಾತಾಡುತ್ತಿರಲಿಲ್ಲ.

ಅವರೇ ಶೀಲಾಳ ಅಣ್ಣ ಕೇಶವಮೂರ್ತಿ. ವರ್ಜೀನಿಯಾದಲ್ಲಿ ಮನೆ, ವಾಷಿಂಗ್ಟನ್ನಿನ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ. ಬಂದ ಅರ್ಜಿಗಳಲ್ಲಿ ದೋಷ ಹುಡುಕಿ ಹಿಂದಕ್ಕೆ ಕಳಿಸುವುದೇ ಆ ಕೆಲಸ. ಮನೆಯಲ್ಲಿ ಅದೇ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದ್ದರು. ತಂಗಿಯ ಮದುವೆಯ ದಿನ, ಮುಹೂರ್ತ ಮೀರಿದ ಮೇಲೆ ತಾಳಿ ಕಟ್ಟಿದ್ದರಿಂದ ಈ ಮದುವೆ ಕಟ್ಟುನಿಟ್ಟಾಗಿ ಆಗಿಲ್ಲ ಎಂದು ಛತ್ರದಲ್ಲಿ ಪಾಯಸ ಬಡಿಸುವ ಹೊತ್ತಿಗೆ ಹೇಳಿದ್ದರು. ಬಾಲಸುಬ್ರಹ್ಮಣ್ಯನವರು ಇಪ್ಪತ್ತೊಂಬತ್ತು ವರ್ಷವಾದರೂ ಆ ಪಾಯಸ ಮರೆತಿರಲಿಲ್ಲ.

“ಭಾವ, ಒಂದು ಡೌಟು,” ಎಂದರು ಫೋನಿನಲ್ಲಿ.

“ಕೇಳಿ ಡಾಕ್ಟ್ರೇ. ನಿಮಗೆ ಡೌಟು ಬರೋದೇ ಅಪರೂಪ.”

ವಿಷಯ ಕೇಳಿ ಕೇಶವಮೂರ್ತಿ ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದರು. ಸಂತೋಷಪಡಲು ಅಷ್ಟು ಹೊತ್ತು ಬೇಕಿತ್ತು.

“ಇದರಲ್ಲೇನಿದೆ? ಗೋತ್ರ ಗೊತ್ತಿಲ್ಲದೋರೆಲ್ಲ ಕಾಶ್ಯಪ ಗೋತ್ರ ಅಂತ ತಗೋಬೇಕು. ನೀವು ಯಾವ ಗೋತ್ರ?”

“ಕಾಶ್ಯಪ.”

“ಹಂಗಾದ್ರೆ ಆ ಹುಡುಗ ನಿಮ್ಮ ಮಗಳಿಗೆ ಅಣ್ಣ ಆದ.”

“ಬೇರೆ ದಾರಿ?”

“ಬೇರೆ ಮೂಲಪುರುಷನ್ನ ತೋರಿಸ್ಲಿ. ಋಷಿ ಆಗಿರ್ಬೇಕು. ಅಲ್ಲಿಂದ ಇಲ್ಲೀವರೆಗೂ ಗಂಡುಕಡೆ ತಲೆಮಾರು ಬಿಡದೆ ಹೆಸರು ಹೇಳ್ಲಿ. ಏಳಕ್ಕೆ ಕಡಿಮೆ ಆಗ್ಬಾರ್ದು.”

“ಅವನ ಕೈಲಿ ಆಗತ್ತಾ?”

“ನಿಮ್ಮ ಕೈಲಿ ಆಗತ್ತಾ?”

ಡಾಕ್ಟರು ಫೋನ್ ಇಟ್ಟರು. ತರ್ಪಣ ಬಿಡಲು ಬೇಕಾದ ಮೂರು ಹೆಸರಿನ ಆಚೆ ಅವರ ವಂಶವೂ ಮಂಜು ಮಂಜು. ಆದರೆ ಪರೀಕ್ಷೆ ಬರೆಯಬೇಕಾದವನು ಹುಡುಗ, ಅವರಲ್ಲ.

ಮರುದಿನ ಸ್ಟೀವನನ್ನು ಕರೆಸಿ ಷರತ್ತು ಹೇಳಿದರು. ಅವನು ಎದ್ದು ಓಡುತ್ತಾನೆಂದು ಬಾಗಿಲನ್ನೂ ತೆರೆದಿಟ್ಟಿದ್ದರು. ಆರಡಿ ಮೂರಂಗುಲದ ಆ ಹುಡುಗ ದೀಪಕ್ಕೆ ತಲೆ ತಾಗದಂತೆ ಬಗ್ಗಿ ಕೂತು, “ಸರಿ. ನಮ್ಮ ಅಜ್ಜಿಯೂ ನಂದಿತಾ ಬಗ್ಗೆ ಇದನ್ನೇ ಕೇಳಿದರು,” ಎಂದ.

“ಏನಂತ?”

“ಯಾವ ಕಣಿವೆಯವಳು ಅಂತ.”

ಜನೆಟ್ಟಿಗಳ ಮೂಲ ಇಟಲಿಯ ಉತ್ತರದಲ್ಲಿ, ಆಲ್ಪ್ಸ್ ಪರ್ವತದ ಮಡಿಲಲ್ಲಿರುವ ಪಿಯೆತ್ರನೇವೆ ಎಂಬ ಪುಟ್ಟ ಊರು. ಸ್ಟೀವನ ತಾತ ಕಲ್ಲು ಕಡಿಯುವವನು. ಊರು ಬಿಟ್ಟು ಉತ್ತರ ಕ್ಯಾರೊಲೈನಾದ ಮೌಂಟ್ ಏರಿ ಎಂಬ ಊರಿಗೆ ಬಂದು, ಅಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ಕಡಿದು ಕಡಿದು ಸತ್ತ. ಅವನ ಹೆಂಡತಿ ಅಸುಂತಾ ಎಂಬತ್ತೆಂಟರಲ್ಲೂ ಆ ಗ್ರಾನೈಟಿನಷ್ಟೇ ಗಟ್ಟಿ. ಅವಳನ್ನು ಎಲ್ಲರೂ ನೊನ್ನಾ ಎನ್ನುತ್ತಿದ್ದರು. ಅಂದರೆ ಅಜ್ಜಿ.

ನವೆಂಬರಿನಲ್ಲಿ ಎರಡು ಕಡೆಯ ಹಿರಿಯರು ನೊನ್ನಾಳ ಮನೆಯಲ್ಲಿ ಸೇರಿದರು. ಆಕೆ ಮೇಜಿನ ಮೇಲೆ ಹಂದಿಮಾಂಸದ ತಟ್ಟೆ ಇಟ್ಟಳು. ಡಾಕ್ಟರು ಅದನ್ನು ಒಂದಿಂಚು ಆಚೆ ತಳ್ಳಿದರು. ಆಕೆ ಒಂದಿಂಚು ಈಚೆ ತಳ್ಳಿದಳು. ತಟ್ಟೆ ಹೀಗೆ ಮೇಜಿನ ನಡುವೆ ಓಡಾಡುತ್ತಿರುವಾಗ ಮಾತುಕತೆ ನಡೆಯಿತು.

“ನಿಮ್ಮ ಹುಡುಗಿಗೆ ಬ್ಯಾಪ್ಟಿಸಮ್ ಆಗಿದೆಯಾ?” ಎಂದಳು ನೊನ್ನಾ.

“ನಿಮ್ಮ ಹುಡುಗನಿಗೆ ಉಪನಯನ ಆಗಿದೆಯಾ?”

“ಅದೇನದು?”

“ಅದೇ. ಜನಿವಾರವಿಲ್ಲದ ಜನೆಟ್ಟಿ.”

“ನಮ್ಮೂರಲ್ಲಿ ಪಕ್ಕದ ಕಣಿವೆಗೂ ಹೆಣ್ಣು ಕೊಡಲ್ಲ, ತರಲ್ಲ. ನಾನೂ ಜನೆಟ್ಟಿ, ನನ್ನ ಗಂಡನೂ ಜನೆಟ್ಟಿ. ನೀವು ಸಮುದ್ರ ದಾಟಿ ಬಂದವರು.”

ಡಾಕ್ಟರು ಶೀಲಾಳ ಕಿವಿಯಲ್ಲಿ, “ಸಗೋತ್ರ ಮದುವೆ. ಈಯಮ್ಮನೇ ಅಸಿಂಧು,” ಎಂದರು.

“ಶ್, ಸುಮ್ನಿರಿ. ಕೇಳ್ಸತ್ತೆ.”

“ಕನ್ನಡ ಬರತ್ತಾ ಅವರಿಗೆ?”

“ಮುಖ ನೋಡಿದ್ರೆ ಸಾಕು, ಯಾವ ಭಾಷೆಯೋರಿಗೂ ಅರ್ಥ ಆಗತ್ತೆ.”

ನೊನ್ನಾ ತನ್ನ ಗಂಡನ, ಮಾವನ, ಮಾವನ ಅಪ್ಪನ ಹೆಸರು ಹೇಳಿದಳು. ನಾಲ್ಕನೆಯದನ್ನು ಕೇಳಿದಾಗ, “ಚರ್ಚಿನಲ್ಲಿ ಬರೆದಿಟ್ಟಿದ್ದಾರೆ, ಹೋಗಿ ನೋಡಿ. ಆದರೆ ನಮ್ಮೂರಿನವರು ಅಪರಿಚಿತರಿಗೆ ದಾರಿ ಕೂಡ ಹೇಳಲ್ಲ,” ಎಂದಳು. ಹೆಮ್ಮೆಯಿಂದ.

ಸ್ಟೀವ್ ತಾನೇ ಹೋಗಿ ನೋಡಿಕೊಂಡು ಬರುತ್ತೇನೆಂದ. ಅವನು ಸುಳ್ಳು ಹೆಸರು ಹೆಣೆದು ತಂದರೆ? ಮಾರ್ಚ್ ತಿಂಗಳಲ್ಲಿ ಒಂದು ವಾರ ರಜೆ ಹಾಕಿ, ಚಟ್ನಿಪುಡಿ ಕಟ್ಟಿಸಿಕೊಂಡು, ಡಾಕ್ಟರು ತಾವೂ ಹೊರಟರು. ಒಂದೇ ವಿಮಾನದಲ್ಲಿ, ಬೇರೆ ಬೇರೆ ಸಾಲಿನಲ್ಲಿ.

ಪಿಯೆತ್ರನೇವೆಯಲ್ಲಿ ಇನ್ನೂ ಹಿಮ. ಚಪ್ಪಡಿ ಕಲ್ಲಿನ ಮಾಡು, ಕಟ್ಟಿಗೆಯ ಹೊಗೆ, ಒಂದು ಚರ್ಚು, ಒಂದು ಹೋಟೆಲು. ಹೋಟೆಲಿನಲ್ಲಿ ಬಿಸಿ ಇದ್ದದ್ದು ಒಂದೇ ಕೋಣೆ. ಭಾವೀ ಮಾವ, ಅಭಾವ ಅಳಿಯ ಇಬ್ಬರೂ ಅದರಲ್ಲೇ ಮಲಗಬೇಕಾಯಿತು.

“ಡಾಕ್ಟರ್, ನಾನು ಯಾಕೆ ನಿಮಗೆ ಇಷ್ಟ ಇಲ್ಲ?” ಎಂದ ಸ್ಟೀವ್, ಬೂಟು ಬಿಚ್ಚುತ್ತ.

“ಕಾರಣ ಬಹಳ ಇವೆ. ಮೊದಲು ಬಾಗಿಲು ಹಾಕು. ಚಳಿ.”

“ಹಾಕಿದೆ.”

“ಒಂದು ಕಾರಣ ಕಡಿಮೆಯಾಯಿತು.”

ಬೆಳಿಗ್ಗೆ ಇಬ್ಬರೂ ಚರ್ಚಿನ ದಾರಿ ಹಿಡಿದರು. ಅವರು ಬೀದಿಗಿಳಿದ ಹಾಗೆ ಆಚೀಚೆಯ ಕಿಟಕಿ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಮಹಡಿಯ ಮೇಲಿಂದ ಒಬ್ಬ ಮುದುಕಿ ಏನೋ ಕೂಗಿದಳು. ಅಜ್ಜಿಯಿಂದ ಆ ಭಾಷೆ ಅಷ್ಟಿಷ್ಟು ಕಲಿತಿದ್ದ ಸ್ಟೀವ್ ಕೆಂಪಾದ.

“ಏನಂತೆ?”

“ಹುಲ್ಲುಗಾವಲು ಮಾರಾಟಕ್ಕಿಲ್ಲ ಅಂತೆ.”

“ಯಾವ ಹುಲ್ಲುಗಾವಲು?”

ಅದು ತಿಳಿದದ್ದು ಸ್ಟೀವನ ತಾತನ ಅಣ್ಣನ ಮಗನ ಮನೆ ಮುಂದೆ. ಎಂಬತ್ತು ದಾಟಿದ ಆ ಮುದುಕ ಸೌದೆ ಒಡೆಯುತ್ತಿದ್ದ. ಕೊಡಲಿ ಕೆಳಗಿಡದೆ, ನಮಸ್ಕಾರಕ್ಕೆ ಪ್ರತಿ ನಮಸ್ಕಾರ ಮಾಡದೆ, ಒಂದೇ ಉಸಿರಿನಲ್ಲಿ ಹೇಳಿದ: “ನಿನ್ನ ತಾತ ತನ್ನ ಪಾಲು ತಗೊಂಡೇ ಊರು ಬಿಟ್ಟ. ಇಲ್ಲಿ ಏನೂ ಉಳಿದಿಲ್ಲ. ಹುಲ್ಲುಗಾವಲು ನಮ್ಮದು. ಗೋಡೆ ನಮ್ಮದು. ಬಾವಿ ನಮ್ಮದು. ದಾರಿಯೂ ನಮ್ಮದು, ನೀವು ನಿಂತಿರೋದು ನಮ್ಮ ಜಾಗದಲ್ಲಿ. ಈ ಕಂದು ಬಣ್ಣದವನು ವಕೀಲನಾ?”

ಸ್ಟೀವ್ ತಡೆ ತಡೆದು ಅನುವಾದಿಸಿದ. ನಾಚಿಕೆಯಿಂದ ಅವನ ಆರಡಿ ಐದಕ್ಕಿಳಿದಿತ್ತು. ಬಾಲಸುಬ್ರಹ್ಮಣ್ಯನವರ ಮುಖದಲ್ಲಿ ಮಾತ್ರ, ಆರು ತಿಂಗಳಲ್ಲಿ ಮೊದಲ ಸಲ, ಬೆಳಕು ಮೂಡಿತು.

ಎಂಬತ್ತನಾಲ್ಕನೇ ಇಸವಿಯಲ್ಲಿ ಡಾಕ್ಟರು ತಮ್ಮ ಪೂರ್ವಿಕರ ಊರು ನೋಡಿಬರಲು ನಂಜನಗೂಡಿನ ಕಡೆ ಹೋಗಿದ್ದರು. ಚಿಕ್ಕಪ್ಪನ ಮಗ ಜಗುಲಿಯ ಮೇಲೆ ನಿಂತು ಇದೇ ಮಾತನ್ನು ಹೇಳಿದ್ದ. ಗೋಡೆ ನಮ್ಮದು, ಬಾವಿ ನಮ್ಮದು, ನಿಮ್ಮಪ್ಪ ಪಾಲು ತಗೊಂಡೇ ಹೋದ. ಕುಡಿಯಲು ನೀರೂ ಕೊಟ್ಟಿರಲಿಲ್ಲ. ಕೊಟ್ಟರೆ ಬಾವಿಯಲ್ಲಿ ಹಕ್ಕು ಸಾಧಿಸುತ್ತಾರೆಂಬ ಹೆದರಿಕೆ. ವಂಶಾವಳಿ ಹುಡುಕಿಕೊಂಡು ಬಂದವನನ್ನು ನೋಡಿದ ಕೂಡಲೇ ಬೇಲಿ ನೋಡಿಕೊಳ್ಳುವ ಜನ! ಇಂಥ ದ್ವೇಷ ಒಂದು ದಿನದಲ್ಲಿ ಹುಟ್ಟುವುದಿಲ್ಲ. ಅದಕ್ಕೆ ತಲೆಮಾರುಗಳು ಬೇಕು.

“ನೀರು ಕೇಳು,” ಎಂದರು ಸ್ಟೀವನಿಗೆ.

“ಬಾಯಾರಿಕೆಯಾ?”

“ಕೇಳು ಅಂದೆ.”

ಕೇಳಿದ. ಮುದುಕ ಬಾಗಿಲು ಹಾಕಿಕೊಂಡ.

“ಥೇಟ್ ದಾಯಾದಿಗಳು,” ಎಂದರು ಡಾಕ್ಟರು. “ಆಲ್ಪ್ಸ್‌ನಲ್ಲಿದ್ದರೂ ಅಲ್ಪರಲ್ಲ. ನಿನಗೆ ಕುಲ ಇದೆ.”

ಮುಂದಿನದು ಸುಲಭವಾಯಿತು. ಪಾದ್ರಿ ಗೊಣಗಿಕೊಂಡೇ ದಾಖಲೆಯ ಪುಸ್ತಕಗಳನ್ನು ಇಳಿಸಿಕೊಟ್ಟರು. ಜಾಕೊಮೊ, ಅವನಪ್ಪ ಪಿಯೆತ್ರೊ, ಅವನಪ್ಪ ಜಾಕೊಮೊ, ಅವನಪ್ಪ ಪಿಯೆತ್ರೊ. ಮೊಮ್ಮಗನಿಗೆ ತಾತನ ಹೆಸರು, ನಮ್ಮಲ್ಲಿನ ಹಾಗೇ. ಹದಿಮೂರು ತಲೆಮಾರು ಹಿಂದಕ್ಕೆ ನಡೆದು ಹದಿನಾಲ್ಕನೆಯದಕ್ಕೆ ಬಂದಾಗ ಪಾದ್ರಿ ಬೆರಳು ಅಡ್ಡ ಇಟ್ಟರು. ಅಲ್ಲಿದ್ದದ್ದು ಇಷ್ಟೇ: ‘ಗುಹೆಯ ಜಾನೆಯ ಮಗ.’

“ಯಾರು ಈ ಜಾನೆ?”

“ಬೆಟ್ಟದ ಮೇಲಿನ ಗುಹೆಯಲ್ಲಿ ತಪಸ್ಸು ಮಾಡುತ್ತಿದ್ದ ಒಬ್ಬ ವಿರಕ್ತ. ಮೊಣಕಾಲುದ್ದ ಗಡ್ಡ ಇತ್ತಂತೆ. ಸಂತನಾಗಬೇಕಿತ್ತು. ದಿನಾ ಹಾಲು ತಂದುಕೊಡುತ್ತಿದ್ದ ಹುಡುಗಿ ಅಡ್ಡ ಬಂದಳು. ಚರ್ಚು ಅವನ ವಿಷಯ ಮಾತಾಡೋದಿಲ್ಲ.”

“ಮಕ್ಕಳಾದವಾ?”

“ಒಂಬತ್ತು.” ಪಾದ್ರಿ ನಿಟ್ಟುಸಿರುಬಿಟ್ಟರು. “ಇಡೀ ಊರೇ ಅವನ ಸಂತತಿ.”

ಡಾಕ್ಟರಿಗೆ ಕಣ್ಣಲ್ಲಿ ನೀರೇ ಬಂತು. ಗುಹೆ, ಗಡ್ಡ, ತಪಸ್ಸು, ತಪೋಭಂಗ, ಸಂತಾನ. ಋಷಿ ಎನ್ನಲು ಇನ್ನೇನು ಬೇಕು? ನಮ್ಮ ಋಷಿಗಳಲ್ಲಿ ಯಾರಿಗೆ ಹಾಲಿನ ಹುಡುಗಿ ಅಡ್ಡ ಬಂದಿಲ್ಲ? ಸಂತಾನವಿಲ್ಲದವನು ಬರೀ ಸಂತ, ಸಂತಾನವಿದ್ದವನೇ ಗೋತ್ರಪುರುಷ.

ಅಟ್ಲಾಂಟಾಕ್ಕೆ ಹಿಂದಿರುಗಿದ ಬಾಲಸುಬ್ರಹ್ಮಣ್ಯನವರು ಬೇರೆ ಮನುಷ್ಯ. ಕೆಟ್ಟತನ ಅಷ್ಟೇ ಇತ್ತು, ದಿಕ್ಕು ಬದಲಾಗಿತ್ತು. ನಾರ್‌ಕ್ರಾಸಿನ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದವರನ್ನೂ ನಿಲ್ಲಿಸಿ ಕೇಳುತ್ತಿದ್ದರು: “ನಮ್ಮ ಭಾವೀ ಅಳಿಯಂದು ಹದಿನಾಲ್ಕು ತಲೆಮಾರು, ಪ್ರೂಫ್ ಸಮೇತ. ನಿಮ್ಮ ಅಳಿಯಂದು ಎಷ್ಟು ಗೊತ್ತು? ತಾತನ ಹೆಸರಾದ್ರೂ?” ಮೂರು ಮನೆಯವರು ಅವರ ಜೊತೆ ಮಾತು ಬಿಟ್ಟರು. ಅವರನ್ನೂ ಸೇರಿಸಿ ನಾಲ್ಕುನೂರು ಜನಕ್ಕೆ ಆಹ್ವಾನ ಹೋಯಿತು. ಮೇ ತಿಂಗಳ ಕೊನೆಯ ಉದ್ದನೆಯ ವಾರಾಂತ್ಯ, ಶನಿವಾರ ಧಾರೆ, ರಿವರ್‌ಡೇಲ್ ದೇವಸ್ಥಾನದ ಹಾಲ್.

ಪುರೋಹಿತರು ಜೋಯಿಸರು. ವಾರವೆಲ್ಲ ಒಂದು ಕಂಪನಿಯಲ್ಲಿ ಕಂಪ್ಯೂಟರಿನ ಎರಡು ಸಾವಿರ ಇಸವಿಯ ದೋಷಪರಿಹಾರ, ವಾರಾಂತ್ಯದಲ್ಲಿ ಕುಜದೋಷಪರಿಹಾರ. ಹದಿನಾಲ್ಕು ಹೆಸರು ನೋಡಿ ಅವರು ತಲೆದೂಗಿದರು. “ಜಾನೇಯ ಗೋತ್ರ ಅಂತ ಹೇಳಿಬಿಡೋಣ. ಲಾಜಿಕ್ಕಲ್ಲಿ ಎಲ್ಲೂ ಎರರ್ ಇಲ್ಲ.”

ನಂದಿತಾ ಅಪ್ಪನನ್ನು ಅಪ್ಪಿಕೊಂಡಳು. “ಥ್ಯಾಂಕ್ಯೂ ಅಪ್ಪ. ನೀನು ಅವನಿಗೋಸ್ಕರ ಅಷ್ಟು ದೂರ ಹೋದೆ.”

“ಅವನಿಗೋಸ್ಕರ ಯಾರು ಹೋದ್ರು?” ಎಂದರು. ಆದರೆ ಬೆಳ್ಳಿ ಗಿಂಡಿಯನ್ನು ತಾವೇ ಕೂತು ಬೆಳಗಿದರು.

ಏಪ್ರಿಲ್ ಮೊದಲ ವಾರ ವರ್ಜೀನಿಯಾದಿಂದ ಫೋನ್ ಬಂತು.

“ಡಾಕ್ಟ್ರೇ, ಕಂಗ್ರಾಜುಲೇಷನ್ಸ್. ಒಂದು ಸಣ್ಣ ವಿಷಯ.”

ವಾಷಿಂಗ್ಟನ್ನಿನಲ್ಲಿ ಎಷ್ಟೋ ಅರ್ಜಿದಾರರ ಬದುಕು ‘ಒಂದು ಸಣ್ಣ ವಿಷಯ’ದಿಂದಲೇ ಹಾಳಾಗಿತ್ತು.

“ಏಳು ತಲೆಮಾರಿನ ಒಳಗಿನೋರೆಲ್ಲ ಸಪಿಂಡರು, ಗೊತ್ತಲ್ಲ? ಆ ಊರಲ್ಲಿ ಹುಡುಗನ ಕಡೆ ಹಂಗಿರೋರು ಎಷ್ಟು ಜನ?”

“ಅರವತ್ತು ಚಿಲ್ಲರೆ.”

“ವಯಸ್ಸು?”

“...ಆಗಿದೆ.”

“ಅವರಲ್ಲಿ ಯಾರು ಹೋದ್ರೂ ಹುಡುಗನಿಗೆ ಹತ್ತು ದಿನ ಸೂತಕ. ಸೂತಕದಲ್ಲಿರೋ ವರನ ಕೈಗೆ ಧಾರೆ ಎರೀತೀರಾ? ಹುಡುಗ ಸೂಟಿಗೆ ಅಳತೆ ಕೊಟ್ಟಿದಾನಂತೆ. ಸೂತಕಕ್ಕೆ ಅಳತೆನೂ ಬೇಡ.”

“ಭಾವ, ನಿಮಗೆ ನನ್ನ ಮಗಳ ಮದುವೆ ಆಗೋದು ಇಷ್ಟ ಇಲ್ವಾ?”

“ಛೆ ಛೆ. ಕ್ರಮವಾಗಿ ಆಗ್ಲಿ ಅಂತ. ಯಾಕಂದ್ರೆ ನಿಮ್ಮದು ಆಗ್ಲಿಲ್ವಲ್ಲ.”

ಡಾಕ್ಟರು ಜೋಯಿಸರ ಹತ್ತಿರ ಓಡಿದರು. ಜೋಯಿಸರು ಎರಡು ಸಮಾಧಾನ ಹೇಳಿದರು. ಒಂದು, ಸುದ್ದಿ ಕಿವಿಗೆ ಬಿದ್ದ ಮೇಲೆ ಸೂತಕವೇ ಹೊರತು ಅದಕ್ಕೆ ಮೊದಲಲ್ಲ. ಎರಡು, ಧಾರೆಯ ಹಿಂದಿನ ಸಂಜೆ ಪಿತೃಗಳನ್ನು ಕರೆಯುವ ನಾಂದಿ ಆಗಿಬಿಟ್ಟರೆ ಆಮೇಲೆ ಯಾವ ಸೂತಕವೂ ಮದುವೆಗೆ ಅಂಟುವುದಿಲ್ಲ. ಶುಕ್ರವಾರ ಸಂಜೆ ನಾಂದಿ ಮುಗಿಯುವ ತನಕ ಪಿಯೆತ್ರನೇವೆಯಲ್ಲಿ ಯಾರೂ ಸಾಯಬಾರದು, ಸತ್ತರೂ ಗೊತ್ತಾಗಬಾರದು.

ಮಾಡಿದ ಕೆಲಸ ಕೇಳಿ. ಅಟ್ಲಾಂಟಾದ ನಾಮಾಂಕಿತ ಹೃದಯತಜ್ಞರೊಬ್ಬರು ಆಲ್ಪ್ಸ್‌ನ ಒಂದು ಇಡೀ ಊರನ್ನು ಏಳು ವಾರ ಬದುಕಿಸಲು ಟೊಂಕ ಕಟ್ಟಿದರು. ಪಾದ್ರಿಯ ಕಚೇರಿಗೆ ದಿನಕ್ಕೊಂದು ಫ್ಯಾಕ್ಸು. ಹಂದಿಕೊಬ್ಬು ಬಿಡಿ. ಗಿಣ್ಣು ಕಡಿಮೆ ಮಾಡಿ. ಎಂಬತ್ತು ದಾಟಿದವರು ಸೌದೆ ಒಡೆಯಬೇಡಿ. ಎದೆನೋವು ಬಂದವರು ತಕ್ಷಣ ತಿಳಿಸಿ, ಫೀಸಿಲ್ಲ. ಯಾರ ಬಿಪಿ ಎಷ್ಟು?

ಹತ್ತು ದಿನದ ಮೇಲೆ ಪಾದ್ರಿಯಿಂದ ಉತ್ತರ ಬಂತು. ಸ್ಟೀವ್ ಓದಿ ಹೇಳಿದ: “ಊರಿನವರು ಡಾಕ್ಟರಿಗೆ ವಂದನೆ ತಿಳಿಸಿದ್ದಾರೆ. ಯಾರು ಯಾವಾಗ ಸಾಯುತ್ತಾರೆಂದು ಅಮೆರಿಕದವರು ಯಾಕೆ ವಿಚಾರಿಸುತ್ತಿದ್ದಾರೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಅವರು ಸಾಯುವುದಿಲ್ಲ. ಹುಲ್ಲುಗಾವಲು ಮಾರಾಟಕ್ಕಿಲ್ಲ.”

“ಒಳ್ಳೇದು,” ಎಂದರು ಡಾಕ್ಟರು. “ಛಲಕ್ಕಾದ್ರೂ ಬದುಕ್ಲಿ.”

ಬದುಕಿದರು. ಏಪ್ರಿಲ್ ಕಳೆಯಿತು, ಮೇ ಬಂತು, ಒಬ್ಬರೂ ಕೆಮ್ಮಲಿಲ್ಲ. ಮದುವೆಯ ವಾರ ಡಾಕ್ಟರು ಫ್ಯಾಕ್ಸಿನ ವೈರು ಕಿತ್ತರು. ಮನೆಯ ಫೋನನ್ನು ಬಟ್ಟೆಯ ಕಪಾಟಿನಲ್ಲಿಟ್ಟರು. ಸ್ಟೀವನಿಗೆ ಯಾರ ಕರೆಗೂ ಉತ್ತರಿಸಬಾರದೆಂದು ಆಣೆ ಹಾಕಿದರು. ಮೌಂಟ್ ಏರಿಯಿಂದ ಬಂದು ದೇವಸ್ಥಾನದ ಹತ್ತಿರದ ಮೋಟೆಲಿನಲ್ಲಿಳಿದಿದ್ದ ನೊನ್ನಾಳ ಕೋಣೆಯಲ್ಲೂ ಒಂದು ಫೋನಿದೆ ಎಂಬುದು ಅವರ ತಲೆಗೆ ಹೊಳೆಯಲಿಲ್ಲ.

ಶುಕ್ರವಾರ ಸಂಜೆ ಹಾಲಿನಲ್ಲಿ ಮುನ್ನೂರು ಜನ. ಮಣೆ ಹಾಕಿತ್ತು, ಕಳಶ ಇಟ್ಟಿತ್ತು, ಸ್ಟೀವ್ ಪಂಚೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಜೋಯಿಸರೊಬ್ಬರು ಬಂದರೆ ನಾಂದಿ. ಜೋಯಿಸರು ಬಂದಿರಲಿಲ್ಲ. ಆಫೀಸಿನಿಂದ ಹೊರಟವರು ಹೈವೇಗಳು ಒಂದಕ್ಕೊಂದು ಸುತ್ತಿಕೊಂಡಿರುವ ಸ್ಪಗೆಟಿ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡಿದ್ದಾರೆಂದು ದೇವಸ್ಥಾನದ ಆಫೀಸಿಗೆ ಸುದ್ದಿ ಬಂದಿತ್ತು. ಇಟಲಿಯ ಸಂಬಂಧ ಮಾಡಲು ಹೊರಟವರಿಗೆ ಆ ದೇಶದ ಶಾವಿಗೆಯೇ ಅಡ್ಡ ಬಂತು.

ಕಾಯುವ ಹೊತ್ತನ್ನು ಡಾಕ್ಟರು ವ್ಯರ್ಥ ಮಾಡಲಿಲ್ಲ. ಅತಿಥಿಗಳ ನಡುವೆ ನಿಂತು, ನೊನ್ನಾಳಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಸಾರಿದರು: “ಈ ಕುಟುಂಬಕ್ಕೆ ತಾವು ಯಾರು ಅಂತಲೇ ಗೊತ್ತಿರಲಿಲ್ಲ. ನಾನು ಹೋಗಿ ಹುಡುಕಿಕೊಟ್ಟೆ. ಹದಿನಾಲ್ಕು ತಲೆಮಾರು!”

ನೊನ್ನಾ ಕೋಲೂರಿ ಎದ್ದಳು.

“ನೀವು ಹುಡುಕಿದ್ದಾ? ನಾವು ಕಳೆದುಹೋಗಿರಲಿಲ್ಲ.”

“ನಾನು ಹೇಳಿದ್ದು—”

“ನನ್ನ ಊರಿಗೆ ಹೋಗಿ, ಮುದುಕರ ಎದೆ ಬಡಿತ ಎಣಿಸಿ, ಈಗ ನಮ್ಮ ತಲೆಮಾರು ಎಣಿಸ್ತೀರಾ? ನಿಮ್ಮ ಲೆಕ್ಕ ಹಳೆಯದು, ಡಾಕ್ಟರ್. ಇವತ್ತು ಬೆಳಿಗ್ಗೆ ಊರಿಂದ ಫೋನ್ ಬಂದಿತ್ತು—”

“ಬೇಡ,” ಎಂದು ಡಾಕ್ಟರು ಅಡ್ಡ ಬಂದರು. “ಯಾರು ಹೋಗಿದ್ದರೂ ಹೇಳಬೇಡಿ.”

“ಯಾರೂ ಹೋಗಿಲ್ಲ. ನನ್ನ ಗಂಡನ ಅಣ್ಣನ ಮರಿಮೊಮ್ಮಗನಿಗೆ ಗಂಡು ಮಗು. ಏಳು ವರ್ಷದ ಮೇಲೆ ಊರಲ್ಲಿ ಒಂದು ತೊಟ್ಟಿಲು. ಜನೆಟ್ಟಿಗಳು ಮುಗಿದಿಲ್ಲ, ಬರೆದುಕೊಳ್ಳಿ.”

ಸಾವಿಲ್ಲ ಎಂದು ಕೇಳಿದ್ದೇ ತಡ, ಡಾಕ್ಟರ ಉಸಿರು ಮರಳಿತು. ಅವರೇ ಮೊದಲು ಚಪ್ಪಾಳೆ ತಟ್ಟಿದರು. ಮುನ್ನೂರು ಜನರೂ ತಟ್ಟಿದರು. ಶೀಲಾ ಆ ಮುದುಕಿಯ ಬಾಯಿಗೆ ಸಕ್ಕರೆ ಹಾಕಿದರು. ಅವಳು ಅಷ್ಟು ದಿನದಲ್ಲಿ ಮೊದಲ ಸಲ ನಕ್ಕಳು.

ಚಪ್ಪಾಳೆ ತಟ್ಟದೆ ಕೂತಿದ್ದವರು ಒಬ್ಬರೇ. ವರ್ಜೀನಿಯಾದಿಂದ ಮದುವೆಗೆ ಬಂದಿದ್ದ ಕೇಶವಮೂರ್ತಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

“ಗಂಡನ ಅಣ್ಣನ ಕಡೆ ಅಂದ್ರಲ್ಲ? ಗಂಡು ಸಂತತಿಯಲ್ಲೇ? ಬಹಳ ಸಂತೋಷ.” ತಂಗಿಯ ಗಂಡನ ಕಡೆ ತಿರುಗಿದರು. “ಡಾಕ್ಟ್ರೇ, ಪುರುಡು.”

“ಏನು?”

“ಸತ್ತರೆ ಸೂತಕ, ಹುಟ್ಟಿದರೆ ಪುರುಡು. ಅದೂ ಹತ್ತು ದಿನ. ಸಪಿಂಡರಿಗೆಲ್ಲ.”

ಡಾಕ್ಟರು ಸಾವಿನ ಬಾಗಿಲಿಗೆ ಬೀಗದ ಮೇಲೆ ಬೀಗ ಜಡಿದಿದ್ದರು. ಹುಟ್ಟಿನ ಬಾಗಿಲು ಹಾರುಹೊಡೆದಿತ್ತು. ಹೃದಯತಜ್ಞರಿಗೆ ಹೆರಿಗೆಯ ನೆನಪಾಗಿರಲಿಲ್ಲ.

ಅಷ್ಟರಲ್ಲಿ ಜೋಯಿಸರು ಒಂದು ಕೈಯಲ್ಲಿ ಆಫೀಸಿನ ಬ್ಯಾಗು, ಇನ್ನೊಂದು ಕೈಯಲ್ಲಿ ದರ್ಭೆಯ ಕಟ್ಟು ಹಿಡಿದು ಓಡಿಬಂದರು. ವಿಷಯ ಕೇಳಿ ದರ್ಭೆಯನ್ನು ನಿಧಾನವಾಗಿ ಬ್ಯಾಗಿನೊಳಗೆ ಇಟ್ಟರು.

“ನಾಂದಿ ಆಗಿದ್ರೆ ಏನೂ ಪ್ರಾಬ್ಲಂ ಇರ್ಲಿಲ್ಲ ಸಾರ್. ಆಗಿಲ್ವಲ್ಲ.”

“ಯಾರೂ ಸರಿಯಾಗಿ ಕೇಳಿಸ್ಕೊಂಡಿಲ್ಲ ಅನ್ನೋಣ.”

“ಚಪ್ಪಾಳೆ ತಟ್ಟಿದ್ರಲ್ಲ,” ಎಂದರು ಕೇಶವಮೂರ್ತಿ. “ನೀವೇ ಶುರು ಮಾಡಿದ್ದು.”

“ಹೋಗ್ಲಿ, ಅವನು ಆ ವಂಶದೋನೇ ಅಲ್ಲ ಅಂತಿಟ್ಕೊಳ್ಳಿ.”

“ಇಟ್ಕೊಳ್ಳೋಣ. ಆಗ ಗೋತ್ರ ಗೊತ್ತಿಲ್ಲದೋನಾದ. ಕಾಶ್ಯಪ. ಅಣ್ಣ ತಂಗಿ.”

ಬಾಲಸುಬ್ರಹ್ಮಣ್ಯನವರು ಜೋಯಿಸರ ಮುಖ ನೋಡಿದರು. ಜೋಯಿಸರು ನೆಲ ನೋಡಿದರು. ನಂದಿತಾ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಅಪ್ಪನ ಎದುರಿಗೆ ಬಂದು ನಿಂತಳು.

“ಅಪ್ಪ, ನಾಳೆ ನೀನು ಧಾರೆ ಮಾಡ್ತೀಯಾ ಇಲ್ವಾ? ಅಷ್ಟು ಹೇಳು.”

ಡಾಕ್ಟರು ಮಗಳನ್ನು ನೋಡಿದರು. ಮುನ್ನೂರು ಜನರನ್ನು ನೋಡಿದರು. ಅಂಗಡಿಯಲ್ಲಿ ತಾವು ತಡೆದು ನಿಲ್ಲಿಸಿ ಅಳಿಯಂದಿರ ಲೆಕ್ಕ ಕೇಳಿದ್ದ ಮೂರು ಮನೆಯವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಕೊನೆಗೆ ಕೇಶವಮೂರ್ತಿಯನ್ನು ನೋಡಿದರು.

“ಹತ್ತು ದಿನ ಅಷ್ಟೇ, ನಂದೂ. ಆಮೇಲೆ ಬೇರೆ ಮುಹೂರ್ತ—”

“ಆಮೇಲೆ ಇನ್ನೊಬ್ರು ಹುಟ್ತಾರೆ. ಇಲ್ಲ ಸಾಯ್ತಾರೆ. ಅರವತ್ತು ಜನ ಇದಾರೆ, ಅಪ್ಪ. ನೀನೇ ಹುಡುಕಿದ್ದು.”

“ನಾನೇನು ಮಾಡ್ಲಿ? ಶಾಸ್ತ್ರ.”

“ಶಾಸ್ತ್ರ ನಾನು ಕೇಳಿರ್ಲಿಲ್ಲ. ನಿನ್ನ ಕೇಳಿದ್ದೆ.” ಅವಳು ಸೋದರಮಾವನ ಕಡೆ ತಿರುಗಿದಳು. “ಮಾವ, ಈ ಪುರುಡು ಸ್ಟೀವ್‌ಗೆ ಮಾತ್ರಾನಾ? ನಂಗೆ?”

“ನಿಂಗಿಲ್ಲ. ಇನ್ನೂ ಆ ಕುಲ ಸೇರಿಲ್ವಲ್ಲ ನೀನು.”

“ಕೋರ್ಟಲ್ಲಿ ಮದುವೆ ಆದ್ರೆ?”

“ಆಗ ಉಳಿದಿರೋ ದಿನ ನಿಂಗೂ ಬರತ್ತೆ.”

“ಗುಡ್. ಶೇರ್ ಮಾಡ್ಕೋತೀವಿ.”

ಸ್ಟೀವನ ಪಂಚೆಯ ತುದಿಯನ್ನು ಅವನ ಕೈಗೆ ಗಟ್ಟಿಯಾಗಿ ತುರುಕಿ, ನೊನ್ನಾಳ ತೋಳು ಹಿಡಿದು, ಬಾಗಿಲ ಕಡೆ ನಡೆದಳು. ನೊನ್ನಾ ಹೋಗುತ್ತ, “ಊಟ ಇಲ್ಲವಾ?” ಎಂದು ಕೇಳಿದಳು. ಬಾಗಿಲಲ್ಲಿ ನಂದಿತಾ ತಿರುಗಿದಳು.

“ಸೋಮವಾರ ರಜಾ. ಮಂಗಳವಾರ ಕೋರ್ಟ್ ಓಪನ್. ಅಮ್ಮ, ನೀನು ಬಾ.”

ಶೀಲಾ ಹಿಡಿದಿದ್ದ ಆರತಿ ತಟ್ಟೆಯನ್ನು ಗಂಡನ ಕೈಗೆ ಕೊಟ್ಟು ಮಗಳ ಹಿಂದೆ ಹೋದರು. ಹಾಲಿನಲ್ಲಿ ಕುರ್ಚಿಗಳು ಸರಿಯತೊಡಗಿದವು. ಮೂರು ಮನೆಯವರು, ಪಾಪ, ಸಪ್ಪೆ ಮೋರೆ ಹಾಕಲು ಬಹಳ ಕಷ್ಟಪಡುತ್ತಿದ್ದರು.

ಕಾರು ಹೊರಟ ಸದ್ದು ಕೇಳಿದ ಮೇಲೆ ಬಾಲಸುಬ್ರಹ್ಮಣ್ಯನವರು ಕೇಶವಮೂರ್ತಿಯ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು. ತಟ್ಟೆ ಇನ್ನೂ ತೊಡೆಯ ಮೇಲಿತ್ತು.

“ಭಾವ, ವರನಿಗೆ ಪುರುಡು ಇರೋವಾಗ, ಹೆಣ್ಣಿನ ತಂದೆ ಕೋರ್ಟ್ ಮದುವೆಗೆ ಹೋಗ್ಬಹುದಾ?”

ಕೇಶವಮೂರ್ತಿ ಈ ಸಲ ನಿಜವಾಗಿಯೂ ಯೋಚಿಸಿದರು. ಆ ಕಡೆಯಿಂದ, ಈ ಕಡೆಯಿಂದ ನೋಡಿದರು.

“ಹೋಗ್ಬಹುದು. ಶಾಸ್ತ್ರದಲ್ಲಿ ಏನೂ ಅಡ್ಡಿ ಇಲ್ಲ,” ಎಂದರು. “ಆದ್ರೆ ನಿಮ್ಮನ್ನ ಕರೀಲಿಲ್ವಲ್ಲ, ಡಾಕ್ಟ್ರೇ.”